ತಿಂಗಳ ಸಾಮಾನಿಗೆ ಮೈಸೂರಿಗೆ ಹೋಗಬೇಕಾ?

ಮಡಿಕೇರಿಗೆ ಹೊಸದಾಗಿ ಬಂದಿದ್ದೀರಿ, ತಿಂಗಳ ಸಾಮಾನಿಗೆ ಮೈಸೂರಿನ ದೊಡ್ಡ ಸೂಪರ್‌ಮಾರ್ಕೆಟ್ಟೇ ಅಗ್ಗವಾ ಎಂದು ಕೇಳಿದ್ದೀರಿ. ಸುಮ್ನೆ ಅದಕ್ಕೆಂದೇ ಹೋಗಬೇಡಿ. ಹೋಗಿಬರಲು ಸುಮಾರು 240 ಕಿಲೋಮೀಟರ್, ಉಳಿಸಿದ ದುಡ್ಡು ಪೆಟ್ರೋಲಿಗೇ ಸರಿಹೋಗುತ್ತದೆ. ಬೇರೆ ಕೆಲಸಕ್ಕೆ ಹೋದಾಗ ಎಣ್ಣೆ, ಸೋಪು ಜಾಸ್ತಿ ತಂದಿಡಿ. ಮಳೆಗಾಲದಲ್ಲಿ ಬೇಳೆ ಮಾತ್ರ ಬೇಡ, ಇಲ್ಲಿಯ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಆಫರ್ ಚೀಟಿಗಿಂತ ಕೆಜಿಗೆ ಎಷ್ಟು ಬೀಳುತ್ತದೆ ಅನ್ನೋದನ್ನು ನೋಡಿ.

ತರಕಾರಿಗೆ ಶುಕ್ರವಾರದ ಸಂತೆಯೇ ಚೆನ್ನ. ಕೊಡವರ ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ, ಹಬೆಯಲ್ಲಿ ಬೇಯಿಸುವ ಉಂಡೆ ಕಡಂಬುಟ್ಟಿಗೆ ಅಕ್ಕಿತರಿ, ಇವನ್ನು ಊರಿನ ಅಂಗಡಿಯಲ್ಲೇ ತಗೊಳ್ಳಿ. ಕಾಫಿಪುಡಿಯಂತೂ ಕೊಡಗಿನಲ್ಲಿದ್ದು ಹೊರಗಿಂದ ತರೋದಾ? ಕಣ್ಣೆದುರೇ ಬೀಜ ಪುಡಿ ಮಾಡಿಸಿ. ಪ್ಯಾಕೆಟ್ಟೇ ಬೇಕಾದರೆ ಚಿಕೋರಿ ಎಷ್ಟಿದೆ ಓದಿ, ಶೇಕಡಾ 49ರವರೆಗೂ ಇರಬಹುದು.