ಮಾಲ್ಟ್ ಒಡೆಯಲು ಯಾವ ಗಿರಣಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ (ಬಾರ್ಲಿ) ಕಾಳೇ ಮಾಲ್ಟ್; ಬಿಯರಿಗೂ ಮಾಲ್ಟ್ ಪಾಕಕ್ಕೂ ಮೂಲ ಇದೇ. ಈ ಜವೆಗೋಧಿ ಮಾಲ್ಟಿನ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗಿರಣಿಗೆ ಸಂಬಂಧಿಸಿದವು. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಒಂದು ಸಲಕ್ಕೆ ಐದು ಕೆ.ಜಿ. ಮಾಲ್ಟ್ ಒಡೆಯಬೇಕು. ಮನೆಯಲ್ಲಿ ಮಿಕ್ಸಿ ಇದೆ, ಗೋಧಿ ಬೀಸುವ ಪುಟ್ಟ ಗಿರಣಿಯೂ ಇದೆ. ಇವು ಸಾಲದೇ? ಹೊಸದನ್ನು ಕೊಳ್ಳಲೇಬೇಕೆಂದರೆ ಕಡಿಮೆ ದುಡ್ಡಿನಲ್ಲಿ ಯಾವುದು ಒಳ್ಳೆಯದು?
— ರಾಜಾಜಿನಗರ

ಉತ್ತರ: ಮಾಲ್ಟನ್ನು ಬೀಸಬಾರದು, ಒಡೆಯಬೇಕು. ತೊಗರಿಕಾಳು ಒಡೆದು ಬೇಳೆ ಮಾಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಒಳಗಿನ ಬಿಳಿ ತಿರುಳು ನುಚ್ಚಾಗಬೇಕು, ಮೇಲಿನ ಹೊಟ್ಟು ಆದಷ್ಟೂ ಇಡಿಯಾಗಿ ಉಳಿಯಬೇಕು. 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆದರೆ ನುಚ್ಚಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಅದನ್ನು ಕೆಳಗಿನಿಂದ ಬಸಿಯುವಾಗ ಸೋಸುವ ಕೆಲಸ ಮಾಡುವುದು ಪಾತ್ರೆಯ ತಳದಲ್ಲಿ ಹಾಸಿಕೊಂಡ ಹೊಟ್ಟು. ಹೊಟ್ಟು ಪುಡಿಯಾಗಿದ್ದರೆ ಮ್ಯಾಶ್, ಅಂದರೆ ನೀರಿನಲ್ಲಿ ನೆನೆದ ನುಚ್ಚು, ಅಂಟಾಗಿ, ನಲ್ಲಿಯಲ್ಲಿ ಹನಿಯೂ ಇಳಿಯುವುದಿಲ್ಲ.

ಈ ಲೆಕ್ಕದಲ್ಲಿ ನಿಮ್ಮ ಮನೆಗಿರಣಿ ಕೆಲಸಕ್ಕೆ ಬರುವುದಿಲ್ಲ. ಅದರೊಳಗಿನ ಸುತ್ತಿಗೆಗಳು ಕಾಳು ಜಾಲರಿ ದಾಟುವವರೆಗೂ ಬಡಿಯುತ್ತಲೇ ಇರುತ್ತವೆ. ಎಷ್ಟು ದಪ್ಪ ಕಣ್ಣಿನ ಜಾಲರಿ ಹಾಕಿದರೂ ಹೊಟ್ಟು ಚೂರಾಗುತ್ತದೆ. ಮಿಕ್ಸಿಯ ಬ್ಲೇಡು ಅರ್ಧ ಕಾಳನ್ನು ಹಿಟ್ಟು ಮಾಡಿ ಇನ್ನರ್ಧವನ್ನು ಮುಟ್ಟದೆ ಬಿಡುತ್ತದೆ. ಬಟ್ಟೆಚೀಲದಲ್ಲಿ ಮಾಲ್ಟ್ ತುಂಬಿ ನೆನೆಸುವ ಪದ್ಧತಿ ನಿಮ್ಮದಾದರೆ, ಅರ್ಧ ಕೆ.ಜಿ.ಯ ಪ್ರಯೋಗಕ್ಕೆ ಮಿಕ್ಸಿ ಆದೀತು: ಒಂದು ಸಲಕ್ಕೆ ನೂರು ಗ್ರಾಂ, ಎರಡು ಸೆಕೆಂಡಿನ ಮೂರು ನಾಲ್ಕು ಪಲ್ಸ್. ಐದು ಕೆ.ಜಿ.ಗೆ ಬೇಡ, ಮೋಟಾರು ಸುಡುತ್ತದೆ.

ಕೊಳ್ಳುವುದಾದರೆ ಎರಡು ದಾರಿ. ಮೊದಲನೆಯದು ಕೈಯಲ್ಲಿ ತಿರುಗಿಸುವ ಪ್ಲೇಟ್ ಗಿರಣಿ. ಮೆಕ್ಕೆಜೋಳ ಬೀಸಲೆಂದು ಮಾಡಿದ್ದು ಇದು: ಎರಕದ ಕಬ್ಬಿಣದ ಎರಡು ತಟ್ಟೆಗಳ ನಡುವೆ ಕಾಳು ಉಜ್ಜಿ ಒಡೆಯುತ್ತದೆ. ಬೆಲೆ ಸಾಮಾನ್ಯವಾಗಿ ರೋಲರ್ ಗಿರಣಿಯ ಅರ್ಧಕ್ಕಿಂತ ಕಡಿಮೆ. ದೋಷ ಏನೆಂದರೆ ಹೊರತಟ್ಟೆ ಅಲುಗಾಡುತ್ತದೆ, ಅಂತರ ಒಂದೇ ಸಮನೆ ಇರುವುದಿಲ್ಲ, ಹಿಟ್ಟು ಜಾಸ್ತಿ ಬೀಳುತ್ತದೆ. ಅಂತರ ಹೊಂದಿಸುವ ತಿರುಪಿಗೆ ಬೀಗದ ನಟ್ ಇಲ್ಲದಿದ್ದರೆ ಅದೇ ಅಳತೆಯ ಇನ್ನೊಂದು ನಟ್ ಹಾಕಿ ಬಿಗಿ ಮಾಡಿ. ಇಲ್ಲವಾದರೆ ಹತ್ತು ಸುತ್ತು ತಿರುಗಿಸುವಷ್ಟರಲ್ಲಿ ತಿರುಪು ತಾನೇ ಸಡಿಲವಾಗುತ್ತದೆ. ಚೀಲದಲ್ಲಿ ನೆನೆಸುವವರಿಗೆ ಇದು ಧಾರಾಳವಾಗಿ ಸಾಕು.

ಎರಡನೆಯದು ಎರಡು ರೋಲರ್ ಗಿರಣಿ: ಪಕ್ಕಪಕ್ಕದ ಎರಡು ಉರುಳೆಗಳ ನಡುವೆ ಕಾಳು ಸಿಕ್ಕಿ ಒಡೆಯುತ್ತದೆ. ತಿಂಗಳಿಗೊಮ್ಮೆಯಾದರೂ ಮಾಲ್ಟ್ ಒಡೆಯುವವರು, ಹೊಟ್ಟಿನ ಹಾಸಿನ ಮೂಲಕವೇ ಬಸಿಯುವವರು ಇದನ್ನೇ ಕೊಳ್ಳಿ. ಮೋಟಾರು ಆಮೇಲೆ ನೋಡಿಕೊಳ್ಳಬಹುದು, ದುಡ್ಡು ರೋಲರಿಗೆ ಹೋಗಲಿ. ಅಂಗಡಿಯಲ್ಲಿ ನೋಡಬೇಕಾದ್ದು ನಾಲ್ಕು ಸಂಗತಿ. ಅಂತರ ಎರಡೂ ತುದಿಯಲ್ಲಿ ಹೊಂದಿಸಲು ಬರಬೇಕು, ಅಂತರ ಬದಲಿಸಲಾಗದ್ದನ್ನು ಎಷ್ಟು ಅಗ್ಗವಾದರೂ ಬಿಡಿ. ರೋಲರ್ ವ್ಯಾಸ 38 ಮಿ.ಮೀ.ಗಿಂತ ಕಡಿಮೆ ಇರಬಾರದು. ಸಣ್ಣ ರೋಲರ್ ಕಾಳನ್ನು ಒಳಕ್ಕೆ ಎಳೆದುಕೊಳ್ಳದೆ ಮೇಲೇ ಕುಣಿಸುತ್ತದೆ. ಮೈಮೇಲಿನ ನರ್ಲಿಂಗ್, ಅಂದರೆ ಕಾಳು ಹಿಡಿಯಲು ಮೂಡಿಸಿದ ಹಲ್ಲುಗಳು, ಬೆರಳಿಗೆ ಚುಚ್ಚುವಷ್ಟು ಚೂಪಾಗಿರಬೇಕು. ಹಿಡಿಕೆ ತೆಗೆದರೆ ಡ್ರಿಲ್ ಹಿಡಿಯುವಷ್ಟು ಉದ್ದದ ಶಾಫ್ಟ್ ಹೊರಗೆ ಕಾಣಬೇಕು. ಮೂರು ರೋಲರ್‌ನದು ಒಳ್ಳೆಯ ಯಂತ್ರ, ಆದರೆ ಐದು ಕೆ.ಜಿ.ಗೆ ಅಷ್ಟು ಖರ್ಚು ದಂಡ.

ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಎನ್ನುವವರು ಗಿರಣಿಯನ್ನೇ ಕೊಳ್ಳಬೇಡಿ. ಒಡೆದ ಮಾಲ್ಟನ್ನೇ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ತಿಂಗಳೊಳಗೆ ಮುಗಿಸಿ.

ಪ್ರಶ್ನೆ: ರಸ್ತೆ ತಿರುವಿನ ಫ್ಲೋರ್ ಮಿಲ್‌ನಲ್ಲಿ "ದಪ್ಪಗೆ ತರಿ ಮಾಡಿಕೊಡಿ" ಎಂದರೆ ಆಗುವುದಿಲ್ಲವೇ?
— ವಿಜಯನಗರ

ಉತ್ತರ: ಕಲ್ಲು ಎತ್ತಿಸಿ ತರಿ ಮಾಡಿಸಬಹುದು, ಆದರೆ ಅದಕ್ಕೂ ಮೊದಲು ಆ ಕಲ್ಲಿನಲ್ಲಿ ಏನು ಬೀಸಿದ್ದರು ಎಂದು ಕೇಳಿ. ಖಾರದಪುಡಿ, ಧನಿಯಾ ಬೀಸಿದ ಕಲ್ಲಾದರೆ ವಾಸನೆ ಮಾಲ್ಟಿಗೆ ಹತ್ತಿಯೇ ಹತ್ತುತ್ತದೆ. ಅಕ್ಕಿ ನುಚ್ಚು ಮಾಡಿದ ಬೆನ್ನಿಗೇ ಹಾಕಿಸಿದರೆ ಪರವಾಗಿಲ್ಲ. ಮನೆಯಲ್ಲಿ ಅಜ್ಜಿ ಕಾಲದ ಬೀಸುಕಲ್ಲು ಇದ್ದರೆ ಅದು ಇನ್ನೂ ಮೇಲು. ಗೂಟದ ಬುಡಕ್ಕೆ ಬಟ್ಟೆ ಸುತ್ತಿ ಮೇಲ್ಗಲ್ಲನ್ನು ಕೊಂಚ ಎತ್ತರಿಸಿ, ಒಂದೊಂದೇ ಹಿಡಿ ಹಾಕಿ, ಬೇಳೆ ಒಡೆಯುವ ಹಾಗೆ ಬಿಡುಬೀಸಾಗಿ ತಿರುಗಿಸಿ. ಎರಡು ಕೆ.ಜಿ.ವರೆಗೆ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಎರಡು ರೋಲರ್ ಗಿರಣಿ ತಂದಿದ್ದೇನೆ. ಅಂತರ ಎಷ್ಟಿಡಬೇಕು, ಅದನ್ನು ಅಳೆಯುವುದು ಹೇಗೆ, ಸರಿಯಾಗಿ ಒಡೆದಿದೆ ಎಂದು ಗೊತ್ತಾಗುವುದು ಹೇಗೆ?
— ಬನಶಂಕರಿ

ಉತ್ತರ: ಹೊಸ ರೋಲರ್ ಮೇಲೆ ಕಾರ್ಖಾನೆಯ ಎಣ್ಣೆ ಇರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಅರ್ಧ ಕೆ.ಜಿ. ಗೋಧಿ ಹಾಯಿಸಿ ಚೆಲ್ಲಿ. ನೀರು ಮಾತ್ರ ಮುಟ್ಟಿಸಬೇಡಿ, ಒಂದೇ ರಾತ್ರಿಗೆ ತುಕ್ಕು.

ಅಳೆಯಲು ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್ ಬೇಕು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಅದರಲ್ಲಿ ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳಿರುತ್ತವೆ. ಕೊಳ್ಳುವಾಗ ಎಲೆಗಳ ಮೇಲಿನ ಅಂಕಿ ನೋಡಿ, ಬೇಕಾದ ದಪ್ಪ ಬರುವಂತೆ ಎರಡು ಮೂರು ಎಲೆ ಜೋಡಿಸಿಕೊಳ್ಳಬಹುದು. ಇಲ್ಲದಿದ್ದರೆ ಎ.ಟಿ.ಎಂ. ಕಾರ್ಡ್ ಸಾಕು. ಅದರ ದಪ್ಪ 0.76 ಮಿ.ಮೀ., ಎಲ್ಲ ಬ್ಯಾಂಕಿನದೂ ಅಷ್ಟೇ. ಉಬ್ಬಿದ ಅಕ್ಷರಗಳಿಲ್ಲದ ಜಾಗವನ್ನೇ ಅಳತೆಗೆ ಹಿಡಿಯಿರಿ. ಝೆರಾಕ್ಸ್ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ಕಾರ್ಡಿಗೆ ಎರಡು ಹಾಳೆ ಸೇರಿಸಿದರೆ ಹತ್ತಿರಹತ್ತಿರ 1 ಮಿ.ಮೀ. ಆಯಿತು.

ಶುರುವಿಗೆ 1.1 ಮಿ.ಮೀ. ಇಡಿ. ಎಡತುದಿ, ಬಲತುದಿ ಎರಡನ್ನೂ ಅಳೆಯಿರಿ. ಆಮೇಲೆ ರೋಲರನ್ನು ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ಮತ್ತೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಬಂದರೆ ರೋಲರ್ ಓರೆ ಎಂದರ್ಥ. 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಂಗಡಿಗೇ ಹಿಂದಿರುಗಿಸಿ, ಹೊಂದಿಸಿ ಪ್ರಯೋಜನವಿಲ್ಲ. ಸರಿಯಿದ್ದರೆ ತಿರುಪು ಬಿಗಿದು, ತಿರುಪಿನ ತಲೆಯಿಂದ ಚೌಕಟ್ಟಿನವರೆಗೆ ನೈಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೆಯಿರಿ. ಅದುರಾಟಕ್ಕೆ ತಿರುಪು ಜರುಗಿದರೆ ಗೆರೆ ಮುರಿದು ಕಾಣುತ್ತದೆ.

ಈಗ ನೂರು ಗ್ರಾಂ ಒಡೆದು ಕಪ್ಪು ಕಾಗದದ ಮೇಲೆ ಹರಡಿ, ಬೆಳಕಿನಲ್ಲಿ ಬಗ್ಗಿ ನೋಡಿ. ಚೆನ್ನಾಗಿ ಒಡೆದ ಕಾಳಿನ ಹೊಟ್ಟು ಕಡಲೆಕಾಯಿ ಸಿಪ್ಪೆಯ ಹಾಗೆ ಉದ್ದಕ್ಕೆ ಸೀಳಿ, ಒಳಗೆ ಟೊಳ್ಳಾಗಿರುತ್ತದೆ. ಊದಿದರೆ ಹಾರುತ್ತದೆ. ತಿರುಳು ನಾಲ್ಕೈದು ತುಂಡಾಗಿ, ಪಕ್ಕದಲ್ಲಿ ಸ್ವಲ್ಪವೇ ಹಿಟ್ಟು ಇರುತ್ತದೆ. ಹೊಟ್ಟಿನೊಳಗೆ ಬಿಳಿ ತಿರುಳು ಇನ್ನೂ ಕಚ್ಚಿಕೊಂಡಿದ್ದರೆ, ಅಥವಾ ನೂರು ಕಾಳಿನಲ್ಲಿ ಎರಡಕ್ಕಿಂತ ಹೆಚ್ಚು ಇಡೀ ಕಾಳು ಸಿಕ್ಕರೆ ಅಂತರವನ್ನು 0.05 ಮಿ.ಮೀ. ಇಳಿಸಿ ಮತ್ತೆ ನೂರು ಗ್ರಾಂ ಒಡೆಯಿರಿ. ಹೊಟ್ಟು ಅಡ್ಡಡ್ಡ ಚೂರಾಗತೊಡಗಿದ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಬಹುತೇಕ ಮಾಲ್ಟಿಗೆ ಇದು 0.9 ಮತ್ತು 1.1ರ ನಡುವೆ ಎಲ್ಲೋ ನಿಲ್ಲುತ್ತದೆ. ತೆನೆಯಲ್ಲಿ ಆರು ಸಾಲಿರುವ ಜಾತಿಯ ಜವೆಗೋಧಿಯಲ್ಲಿ ದಪ್ಪ ಕಾಳಿನ ಜೊತೆ ಸಣಕಲು ಕಾಳೂ ಇರುತ್ತದೆ. ದಪ್ಪ ಕಾಳಿಗೆ ಹೊಂದಿಸಿದರೆ ಸಣ್ಣದು ಹಾಗೇ ಜಾರುತ್ತದೆ. ಅಂಥ ಮಾಲ್ಟನ್ನು ಮೊದಲು ಜರಡಿಯಲ್ಲಿ ಎರಡು ಭಾಗ ಮಾಡಿಕೊಂಡು ಬೇರೆ ಬೇರೆ ಅಂತರದಲ್ಲಿ ಒಡೆಯುವುದು ಶ್ರಮದ ಕೆಲಸ, ಆದರೆ ಫಲ ಕಣ್ಣಿಗೆ ಕಾಣುತ್ತದೆ.

ಹೊಟ್ಟು ಇನ್ನೂ ಪುಡಿಯಾಗುತ್ತಿದ್ದರೆ ಅದನ್ನು ಮೆತ್ತಗೆ ಮಾಡಿಕೊಳ್ಳುವ ಉಪಾಯವಿದೆ. ಕೆ.ಜಿ.ಗೆ 20 ಮಿ.ಲೀ. ನೀರನ್ನು ಸ್ಪ್ರೇ ಬಾಟಲಿಯಲ್ಲಿ ಚಿಮುಕಿಸಿ, ಕೈಯಾಡಿಸಿ, ಹದಿನೈದು ನಿಮಿಷ ಬಿಟ್ಟು ಒಡೆಯಿರಿ. ಹೊಟ್ಟು ತೊಗಲಿನಂತೆ ಬಾಗುತ್ತದೆ, ತಿರುಳಿಗೆ ತೇವ ಇಳಿದಿರುವುದಿಲ್ಲ. ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಇದು ಬಹಳ ಉಪಯೋಗ. ಮುಗಿದ ಮೇಲೆ ರೋಲರನ್ನು ಒಣ ಬ್ರಷ್‌ನಲ್ಲಿ ಉಜ್ಜಿ. ಮಳೆಗಾಲದ ತೊಂದರೆ ಬೇರೆ: ಡಬ್ಬಿ ತೆರೆದಿಟ್ಟ ಮಾಲ್ಟ್ ತೇವ ಹೀರಿ, ರೋಲರಿನ ನಡುವೆ ಒಡೆಯದೆ ಅವಲಕ್ಕಿಯಂತೆ ಚಪ್ಪಟೆಯಾಗುತ್ತದೆ. ಹಲ್ಲಿನಲ್ಲಿ ಕಡಿದಾಗ ಕಟುಂ ಎನ್ನದ ಮಾಲ್ಟನ್ನು ಗಿರಣಿಗೆ ಹಾಕಬೇಡಿ.

ಪ್ರಶ್ನೆ: ಕೆಲಸ ಪೀಣ್ಯದ ಲೇತ್ ಶಾಪ್‌ನಲ್ಲಿ. ರೋಲರನ್ನು ನಾನೇ ಮಾಡಿಕೊಂಡರೆ ಹೇಗೆ?
— ದಾಸರಹಳ್ಳಿ

ಉತ್ತರ: ಖಂಡಿತ ಮಾಡಿ, ಇಷ್ಟು ಅಗ್ಗದಲ್ಲಿ ಇಷ್ಟು ಗಟ್ಟಿ ಗಿರಣಿ ಬೇರೆಲ್ಲೂ ಸಿಗುವುದಿಲ್ಲ. ಇಎನ್-8 ಉಕ್ಕಿನ ಸರಳು, ರೋಲರ್ ವ್ಯಾಸ 50 ಮಿ.ಮೀ., ಉದ್ದ 125 ಮಿ.ಮೀ., ಎರಡೂ ಕಡೆ 12 ಮಿ.ಮೀ. ಶಾಫ್ಟ್, ಅದಕ್ಕೆ 6001 ಬೇರಿಂಗ್. ರೋಲರ್ ಮತ್ತು ಶಾಫ್ಟ್ ಒಂದೇ ಸರಳಿನಲ್ಲಿ ಬರಲಿ, ಸೆಂಟರ್‌ಗಳ ನಡುವೆ ಹಿಡಿದು ತಿರುಗಿಸಿ. ಶಾಫ್ಟನ್ನು ಬೇರೆ ಮಾಡಿ ರೋಲರಿಗೆ ಒತ್ತಿ ಕೂರಿಸಿದಾಗಲೇ ಓರೆ ಬರುವುದು. ನರ್ಲಿಂಗ್ ವಜ್ರಾಕಾರದ್ದು, ಹಲ್ಲಿನಿಂದ ಹಲ್ಲಿಗೆ 1ರಿಂದ 1.5 ಮಿ.ಮೀ. ಒಂದು ರೋಲರಿನ ಬೇರಿಂಗನ್ನು ಕೇಂದ್ರ ತಪ್ಪಿಸಿ ಕೊರೆದ ಬುಷ್‌ನಲ್ಲಿ ಕೂರಿಸಿದರೆ, ಬುಷ್ ತಿರುಗಿಸಿ ಅಂತರ ಹೊಂದಿಸಬಹುದು. ಕೇಂದ್ರ 1 ಮಿ.ಮೀ. ತಪ್ಪಿದರೆ ಸಾಕು, ಒಟ್ಟು 2 ಮಿ.ಮೀ. ಆಟ ಸಿಗುತ್ತದೆ. ಸತುವಿನ ಲೇಪ ಬೇಡ, ಎದ್ದು ಮಾಲ್ಟಿಗೆ ಬೀಳುತ್ತದೆ. ತುಕ್ಕಿಗೆ ಬಳಕೆಯ ನಂತರ ಅಡುಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತೆಳ್ಳಗೆ ಒರೆಸಿದರಾಯಿತು.

ಪ್ರಶ್ನೆ: ರೋಲರ್ ಗಿರಣಿಗೆ ಗೋಡೆ ಕೊರೆಯುವ ಡ್ರಿಲ್ ಜೋಡಿಸಿದೆ. ಎರಡೇ ನಿಮಿಷಕ್ಕೆ ಹೊಗೆ ಬಂತು. ಕೈಯಲ್ಲಿ ತಿರುಗಿಸಿದರೆ ಕೆಲವು ಸಲ ರೋಲರ್ ತಿರುಗುತ್ತಿದ್ದರೂ ಕಾಳು ಇಳಿಯುವುದೇ ಇಲ್ಲ.
— ಜಯನಗರ

ಉತ್ತರ: ಮನೆಬಳಕೆಯ 10 ಮಿ.ಮೀ. ಡ್ರಿಲ್ ನಿಮಿಷಕ್ಕೆ ಎರಡೂವರೆ ಮೂರು ಸಾವಿರ ಸುತ್ತು ತಿರುಗಲೆಂದು ಮಾಡಿದ್ದು. ಗಿರಣಿಗೆ ಬೇಕಾದ್ದು 150ರಿಂದ 250. ಟ್ರಿಗರ್ ಅರ್ಧ ಒತ್ತಿ ನಿಧಾನ ಮಾಡಿದಾಗ ಒಳಗಿನ ಫ್ಯಾನೂ ನಿಧಾನವಾಗುತ್ತದೆ, ಹೊರೆ ಮಾತ್ರ ಇಳಿಯುವುದಿಲ್ಲ, ಸುರುಳಿ ಸುಡುತ್ತದೆ. 13 ಮಿ.ಮೀ. ಚಕ್ (ಬಿಟ್ ಹಿಡಿಯುವ ಬಾಯಿ) ಇರುವ, ಗರಿಷ್ಠ 500-600 ಸುತ್ತಿನ ಗೇರ್ ಡ್ರಿಲ್ ಆದರೆ ನಿಧಾನಗತಿಯಲ್ಲೂ ತಡೆದೀತು. ಕಾಯಂ ವ್ಯವಸ್ಥೆಗೆ ಎಸ್.ಪಿ. ರಸ್ತೆಯಲ್ಲಿ ಅರ್ಧ ಎಚ್‌ಪಿಯ 1440 ಸುತ್ತಿನ ಮೋಟಾರು ನೋಡಿ. ಮೋಟಾರಿಗೆ 2 ಇಂಚಿನ ಪುಲ್ಲಿ, ಗಿರಣಿಗೆ 12 ಇಂಚಿನದು ಹಾಕಿದರೆ 240 ಸುತ್ತು. ಬೆಲ್ಟಿಗೆ ಮುಚ್ಚಳ ಕಡ್ಡಾಯ, ಮಕ್ಕಳಿರುವ ಮನೆಯಲ್ಲಂತೂ ಈ ಮಾತಿಗೆ ರಿಯಾಯಿತಿ ಇಲ್ಲ. ಯಾವಾಗಲೂ ಮೋಟಾರು ತಿರುಗಿದ ಮೇಲೆ ಕಾಳು ಬಿಡಿ. ಹಾಪರ್ (ಮೇಲೆ ಕಾಳು ಸುರಿಯುವ ಡಬ್ಬಿ) ತುಂಬಿಟ್ಟು ಸ್ವಿಚ್ ಹಾಕಿದರೆ ಸಿಕ್ಕಿಕೊಳ್ಳುತ್ತದೆ.

ಕಾಳು ಇಳಿಯದ್ದಕ್ಕೆ ಕಾರಣ ಎರಡನೇ ರೋಲರ್. ನೀವು ತಿರುಗಿಸುವುದು ಒಂದನ್ನೇ, ಇನ್ನೊಂದು ಕಾಳಿನ ಒತ್ತಡಕ್ಕೆ ತಾನಾಗಿ ತಿರುಗಬೇಕು. ಅದರ ತುದಿಯಲ್ಲಿ ಹಿಟ್ಟು ಸೇರಿಕೊಂಡರೆ ನಿಂತುಬಿಡುತ್ತದೆ. ಹಾಪರ್ ಬಿಚ್ಚಿ ಬೆರಳಲ್ಲಿ ತಳ್ಳಿ ನೋಡಿ, ಪ್ಲಗ್ ಕಿತ್ತಿಟ್ಟ ಮೇಲೆ. ಸಲೀಸಾಗಿ ಸುತ್ತದಿದ್ದರೆ ಬ್ರಷ್ ಮಾಡಿ, ಬೇರಿಂಗಿಗೆ ಒಂದು ಹನಿ ಎಣ್ಣೆ ಬಿಡಿ. ಹಾಪರಿಗೆ ಸುರಿಯುವ ಮುನ್ನ ಮಾಲ್ಟನ್ನು ಮೊರದಲ್ಲಿ ಕೇರಿ ಕಲ್ಲು ಆರಿಸಿ. ಒಂದೇ ಒಂದು ಕಲ್ಲು ನರ್ಲಿಂಗಿನ ಹಲ್ಲು ಮುರಿಯುತ್ತದೆ.

ಪ್ರಶ್ನೆ: ಇದನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇದೆಯೇ?
— ವೈಟ್‌ಫೀಲ್ಡ್

ಉತ್ತರ: ಗಿರಣಿಗೂ ಮಾಲ್ಟಿಗೂ ಅಡ್ಡಿಯಿಲ್ಲ. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರ್ ಕೂಡ ಅದರಲ್ಲಿ ಸೇರಿದೆ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಯ ಬಿಯರಿಗೆ ದಾರಿ ಮಾಡಿಕೊಟ್ಟಿತು, ಅಲ್ಲಿನ ಬರಹ ಓದಿ ಇಲ್ಲಿಯೂ ಹಾಗೇ ಎಂದುಕೊಳ್ಳಬೇಡಿ. ಯೀಸ್ಟ್ ಹಾಕುವ ಕೆಲಸ ಪರವಾನಗಿ ಇರುವ ಮೈಕ್ರೋಬ್ರೂವರಿಯಲ್ಲೇ ನಡೆಯಲಿ. ಮನೆಯಲ್ಲಿ ವರ್ಟ್‌ವರೆಗೆ ಬಂದು ನಿಲ್ಲಿ. ಅದನ್ನು ಕುದಿಸಿ ಬತ್ತಿಸಿದರೆ ಒಳ್ಳೆಯ ಮಾಲ್ಟ್ ಪಾಕವಾಗುತ್ತದೆ, ಬ್ರೆಡ್ಡಿಗೂ ಹಾಲಿಗೂ ಸೊಗಸು.

ಪ್ರಶ್ನೆ: ರಾಗಿ ಮಾಲ್ಟನ್ನೂ ಇದೇ ಗಿರಣಿಯಲ್ಲಿ ಒಡೆಯಬಹುದೇ? ಅಂಗಡಿಯ ಬಾರ್ಲಿ ಮೊಳಕೆ ಬರುತ್ತಿಲ್ಲ, ಏಕೆ?
— ಯಲಹಂಕ

ಉತ್ತರ: ರಾಗಿಕಾಳು 1 ಮಿ.ಮೀ. ಅಂತರದಲ್ಲಿ ಸರಿಯಾಗಿ ಒಡೆಯುವುದಿಲ್ಲ. 0.4 ಮಿ.ಮೀ.ಗೆ ಇಳಿಸಬೇಕು, ಎಲ್ಲ ಗಿರಣಿಯೂ ಅಷ್ಟು ಇಳಿಯುವುದಿಲ್ಲ. ರಾಗಿಗೆ ಜವೆಗೋಧಿಯಂಥ ಹೊಟ್ಟೂ ಇಲ್ಲ, ಆದ್ದರಿಂದ ಉಳಿಸಬೇಕಾದ್ದೇನೂ ಇಲ್ಲ. ಮಿಕ್ಸಿಯಲ್ಲೇ ತರಿ ಮಾಡಿ ಬಟ್ಟೆಯಲ್ಲಿ ಸೋಸಿ. ಗೋಧಿ ಮಾಲ್ಟಿಗೂ ಹೊಟ್ಟಿಲ್ಲ, ಕಾಳು ಗಟ್ಟಿ. ಅದಕ್ಕೆ 0.8ರಿಂದ 0.9 ಮಿ.ಮೀ. ಇಡಿ. ದಿನಸಿ ಅಂಗಡಿಯ ಬಾರ್ಲಿ ಪಾಲಿಶ್ ಮಾಡಿದ್ದು. ಹೊಟ್ಟಿನ ಜೊತೆ ಮೊಳಕೆ ಹುಟ್ಟುವ ಭಾಗವೂ ಹೋಗಿರುತ್ತದೆ, ಎಷ್ಟು ನೆನೆಸಿದರೂ ಚಿಗುರದು.

ಪ್ರಶ್ನೆ: ರಸ ಬಸಿಯುವಾಗ ಅರ್ಧಕ್ಕೇ ನಿಂತಿತು. ಮೇಲೆ ಬಿಸಿನೀರು ಸುರಿದು ಹೇಗೋ ಇಳಿಸಿದೆ, ಈಗ ಬಾಯಿಗೆ ಒಗರು.
— ಮಲ್ಲೇಶ್ವರ

ಉತ್ತರ: ಎರಡೂ ಒಂದೇ ತಪ್ಪಿನ ಮಕ್ಕಳು. ಅತಿ ಸಣ್ಣಗೆ ಒಡೆದದ್ದಕ್ಕೆ ಹಾಸು ಕಟ್ಟಿಕೊಂಡಿತು, ಚೂರಾದ ಹೊಟ್ಟಿನ ಮೇಲೆ ಕುದಿನೀರು ಬಿದ್ದದ್ದಕ್ಕೆ ಅದರ ಒಗರೆಲ್ಲ ರಸಕ್ಕೆ ಬಂತು. ಉಳಿದ ಸಿಹಿ ಇಳಿಸಲು ಮೇಲೆ ಸುರಿಯುವ ತೊಳೆನೀರು 77 ಡಿಗ್ರಿ ದಾಟಬಾರದು. ಗಡಸು ಕೊಳವೆಬಾವಿ ನೀರಿನ ಕ್ಷಾರ ಒಗರನ್ನು ಇನ್ನಷ್ಟು ಎಳೆಯುತ್ತದೆ, ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಅದನ್ನೇ ಬಳಸಿ. ಮುಂದಿನ ಸಲ ಅಂತರವನ್ನು 0.1 ಮಿ.ಮೀ. ಹೆಚ್ಚಿಸಿ. ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದು, ನೀರು ತಿಳಿಯಾಗುವವರೆಗೆ ತೊಳೆದು, ಐದು ಕೆ.ಜಿ. ಮಾಲ್ಟಿಗೆ ಕಾಲು ಕೆ.ಜಿ.ಯಂತೆ ಬೆರೆಸಿ. ಮತ್ತೆ ನಿಂತರೆ ನಲ್ಲಿ ಮುಚ್ಚಿ, ಮೇಲಿನ ಮುಕ್ಕಾಲು ಭಾಗವನ್ನಷ್ಟೇ ಉದ್ದ ಸೌಟಿನಿಂದ ಮೆಲ್ಲಗೆ ಕಲಕಿ, ಹತ್ತು ನಿಮಿಷ ಕೂರಲು ಬಿಟ್ಟು, ನಲ್ಲಿಯನ್ನು ಕಾಲುಭಾಗ ಮಾತ್ರ ತೆರೆಯಿರಿ. ಮೊದಲು ಬರುವ ಒಂದೆರಡು ಲೀಟರ್ ಮಸುಕು ರಸವನ್ನು ಹಾಸು ಕದಡದಂತೆ ಸೌಟಿನ ಬೆನ್ನ ಮೇಲೆ ಸುರಿದು ಮತ್ತೆ ಮೇಲಕ್ಕೆ ಹಾಕಿ.