ಕದ್ರಿಯ ಸ್ಟುಡಿಯೋ, ಬ್ರಹ್ಮಾವರದ ಕಂಬ

ಮಂಗಳೂರು ಆಕಾಶವಾಣಿಯ ಸ್ಟುಡಿಯೋ ಕದ್ರಿ ಗುಡ್ಡದಲ್ಲಿದ್ದರೂ ಪ್ರಸಾರದ ಕಂಬ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲೇಕೆ ಎಂದು ತಾವು ಕೇಳಿದ್ದೀರಿ. ನಿಲಯ ಆರಂಭವಾದ 1976ರಲ್ಲಿ ಬ್ರಹ್ಮಾವರವೂ ದಕ್ಷಿಣ ಕನ್ನಡಕ್ಕೇ ಸೇರಿತ್ತು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಮುಖ್ಯ ಕಾರಣವನ್ನು ಮಾತ್ರ ಅಲೆಯ ಸ್ವಭಾವದಲ್ಲೇ ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ನಿಲಯದ ಮಧ್ಯಮ ತರಂಗ 1089 ಕಿಲೋಹರ್ಟ್ಸ್‌ನದು, ಅಂದರೆ ಒಂದು ಅಲೆಯ ಉದ್ದ ಸುಮಾರು 275 ಮೀಟರ್. ಇಷ್ಟು ಉದ್ದದ ಅಲೆ ಹಗಲಿನಲ್ಲಿ ನೆಲವನ್ನು ಹಿಡಿದೇ ಸಾಗುವುದರಿಂದ, ಅದಕ್ಕೆ ಗುಡ್ಡದ ಎತ್ತರಕ್ಕಿಂತ, ಕಂಬದ ಸುತ್ತ ತಾಮ್ರದ ತಂತಿಗಳನ್ನು ಹೂಳಲು ಸಾಕಷ್ಟು ಜಾಗವಿರುವ, ತೇವಾಂಶವುಳ್ಳ ಬಯಲು ಹೆಚ್ಚು ಅನುಕೂಲ. ಎತ್ತರವನ್ನು ಬೇಡುವುದು ಎಫ್‌ಎಂ. ತುಳು, ಕೊಂಕಣಿ ಕಾರ್ಯಕ್ರಮಗಳನ್ನೂ ಯಕ್ಷಗಾನವನ್ನೂ ಕರಾವಳಿಯ ಮನೆಮನೆಗೆ ತಲುಪಿಸಿದ ಆ ಕಂಬದ ಬಗ್ಗೆ ತಾವು ಆಸಕ್ತಿಯಿಂದ ವಿಚಾರಿಸಿದ್ದು ನನಗೆ ನಿಜಕ್ಕೂ ಸಂತೋಷ ತಂದಿತು.