ರಾತ್ರಿ ಫೋನ್ ಯಾರ ಕೈಯಲ್ಲಿರಬೇಕು?

ಇನ್ನೊಬ್ಬರನ್ನು ನೋಡಿಕೊಳ್ಳುವ ಕೆಲಸದ ತ್ರಾಸು ಹೊತ್ತು ಸಲಹೆಗೆ ನನ್ನ ಹತ್ತಿರ ಬಂದವರಲ್ಲಿ ಈ ಹೆಣ್ಣುಮಗಳು ನಾಲ್ಕನೆಯವರು. ಮೊದಲು ಬಂದವರು ಒಬ್ಬ ಹಾಸ್ಟೆಲ್ ವಾರ್ಡನ್. ಆಮೇಲೆ ವೃದ್ಧಾಶ್ರಮ ನಡೆಸುವ ಗಂಡ ಹೆಂಡತಿ. ಎಲ್ಲರೂ ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿದ್ದು ಒಂದೇ ಮಾತು: "ನಿದ್ದಿ ಬರೂದಿಲ್ರಿ." ನಾಲ್ಕನೇ ಸಲ ಅದನ್ನೇ ಕೇಳಿದಾಗ, ಇನ್ನು ಬರೆಯಲೇಬೇಕು ಅನ್ನಿಸಿತು. ಬರೆದದ್ದನ್ನು ಅವರಿಗೆ ಓದಿ ತೋರಿಸಿ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಅವರು ನೋಡಿಕೊಳ್ಳುವ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಧಾರವಾಡದ ಹೊರವಲಯದಲ್ಲಿ ಒಂದು ಸೇವಾಸಂಸ್ಥೆ ನಡೆಸುವ ಮನೆ ಅದು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಸುಧಾರಿಸಿದ, ಆದರೆ ಮನೆಯವರು ವಾಪಸ್ ಕರೆದುಕೊಳ್ಳದ 12 ಜನ ಅಲ್ಲಿದ್ದಾರೆ. ನಮ್ಮ ಕಡೆ ಹಳಬರು ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಇವತ್ತಿಗೂ 'ಹುಚ್ಚರ ದವಾಖಾನಿ' ಅನ್ನುತ್ತಾರೆ. ಆ ಹೆಸರಿನ ಭಯ ಇನ್ನೂ ಹೋಗಿಲ್ಲ. ಮನೆಯವರು ಬರಲಿಲ್ಲ ಅಂತ, ಇರಲು ಜಾಗ ಇಲ್ಲ ಅಂತ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಸಮಾಜದ ನಡುವೆ ಬದುಕುವುದು ಅವರ ಹಕ್ಕು. ಆದರೆ ಆ ಹಕ್ಕು ನಡೆಯಬೇಕಾದರೆ ಇಂಥದೊಂದು ಮನೆ ಬೇಕು, ಮನೆಗೆ ಒಬ್ಬ ಅಕ್ಕ ಬೇಕು.

ಅಕ್ಕ ಇರುವುದು ಹುಬ್ಬಳ್ಳಿಯಲ್ಲಿ. ಅಲ್ಲಿಂದ ಆ ಮನೆಗೆ 20 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಐದು ವರ್ಷದಿಂದ ಒಂದು ರಾತ್ರಿಯೂ ಫೋನ್ ಆಫ್ ಮಾಡಿಲ್ಲ. ತಂಗಿಯ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ಹೊರಗೆ ನಿಂತು ಯಾರದೋ ಗುಳಿಗೆಯ ವಿಚಾರ ಮಾತಾಡುತ್ತಿದ್ದರಂತೆ. ಕೆಲಸ ಬಿಡಲೋ ಬೇಡವೋ ಎಂದು ಕೇಳಲು ನನ್ನಲ್ಲಿಗೆ ಬಂದಿದ್ದರು. ಕಾರಣ ಒಂದು ರಾತ್ರಿ. ಮನೆಗೆ ಬಂದು ಮೂರು ವಾರವಷ್ಟೇ ಆಗಿದ್ದ 26ರ ಹುಡುಗನೊಬ್ಬ ನಡುರಾತ್ರಿ ಮಾಳಿಗೆ ಹತ್ತಿ ಕೂತಿದ್ದ, ಸಾಯುತ್ತೇನೆ ಎಂದಿದ್ದ. ಅಕ್ಕ ಓಡಿದರು. ಬೆಳಗಿನ ನಾಲ್ಕರವರೆಗೆ ಗದ್ದಲ. ಹುಡುಗ ಉಳಿದ. "ನಾ ಹೋಗಲಿಲ್ಲಂದ್ರ ಅಂವ ಇರ್ತಿದ್ದಿಲ್ರಿ. ನಾ ಫೋನ್ ಎತ್ತಲಿಲ್ಲಂದ್ರ ಮುಂದ ಯಾರೋ ಒಬ್ರು ಹೋಗಿಬಿಡ್ತಾರ." ಮೊದಲ ಎರಡು ಭೇಟಿಯಲ್ಲೂ ಇದೇ ಮಾತು.

ಎರಡನೇ ಭೇಟಿಯಲ್ಲಿ ನಾನು ಆ ರಾತ್ರಿಯನ್ನು ನಿಮಿಷ ನಿಮಿಷ ಹೇಳಿ ಎಂದೆ. ಅವರು ಫೋನ್ ತೆಗೆದು ನೋಡಿದರು. ಅಡುಗೆಯವ್ವನ ಕರೆ ಬಂದದ್ದು 11.52ಕ್ಕೆ. ಅಣ್ಣನ ಮಗನ ಬೈಕಿನಲ್ಲಿ ಹೋಗಿ ತಲುಪಿದ್ದು 12.40ಕ್ಕೆ. ನಡುವಿನ 48 ನಿಮಿಷ ಏನಾಯಿತು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಐದು ವಾರ ಕಳೆದಿತ್ತು, ಅವರು ಯಾರನ್ನೂ ಕೇಳಿರಲಿಲ್ಲ. "ಮುಂದಿನ ವಾರ ಬರೂದರೊಳಗ ಅಡುಗೆಯವ್ವನ್ನ ಕೇಳ್ಕೊಂಡು ಬರ್ರಿ" ಎಂದೆ.

ಮುಂದಿನ ವಾರ ಬಂದಾಗ ಮುಖ ಕಪ್ಪಿಟ್ಟಿತ್ತು. ಕೂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು.

ಅಡುಗೆಯವ್ವ ಅಕ್ಕನಿಗೆ ಫೋನ್ ಮಾಡಿ ಮಾಳಿಗೆ ಹತ್ತಿದ್ದಾಳೆ. ಕೈಯಲ್ಲಿ ಒಂದು ಮೊರ, ಮೊರದ ತುಂಬ ಬೆಳ್ಳುಳ್ಳಿ. ಮರುದಿನದ ಅಡುಗೆಗೆ ಸುಲಿಯಬೇಕಿತ್ತು. ಹುಡುಗನಿಂದ ನಾಲ್ಕು ಮಾರು ದೂರ ಕೂತು, "ನನಗೂ ನಿದ್ದಿ ಬರವಲ್ದೋ ತಮ್ಮಾ" ಎಂದಿದ್ದಾಳೆ. ಬಾ ಎನ್ನಲಿಲ್ಲ, ಇಳಿ ಎನ್ನಲಿಲ್ಲ. ಸುಲಿಯುತ್ತ ಕೂತಳು. ಸ್ವಲ್ಪ ಹೊತ್ತಿಗೆ, "ಸಾಯಬೇಕಂತ ಖರೇನ ಅನಸೇತೇನು?" ಎಂದು ನೇರವಾಗಿ ಕೇಳಿದ್ದಾಳೆ. ಹುಡುಗ ಹೂಂ ಎಂದ. ಅತ್ತ. ಅವಳು "ಅಳು, ಅಳು" ಎಂದು ಮೊರವನ್ನು ಅವನ ಕಡೆ ಸರಿಸಿದಳು. ಅವನೂ ಒಂದೊಂದೇ ಎಸಳು ಬಿಡಿಸತೊಡಗಿದ. ಕೊನೆಗೆ "ಥಂಡಿ ಹತ್ತೇತಿ ಚಿಗವ್ವಾ" ಎಂದು ತಾನೇ ಎದ್ದ. ಅಕ್ಕ ಬಂದು ಗೇಟು ಬಡಿದಾಗ ಇಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು.

ಅಕ್ಕ ಒಳಗೆ ಬಂದವರೇ ಕೇಳಲು ಶುರು ಮಾಡಿದರು. ಗುಳಿಗೆ ತಗೊಂಡಿಯೇನು? ಹಿಂಗ್ಯಾಕ ಮಾಡಿದಿ? ನಮಗೆಲ್ಲ ಏನಾಗಬೇಕು? ಎಲ್ಲರನ್ನೂ ಎಬ್ಬಿಸಿದರು. ಅವನ ಎದುರೇ 108ಕ್ಕೆ ಫೋನ್ ಮಾಡಿದರು. ಹುಡುಗ ಕೋಣೆಗೆ ಓಡಿ ಚಿಲಕ ಹಾಕಿಕೊಂಡ. ನಾಲ್ಕು ಗಂಟೆಯವರೆಗಿನ ಗದ್ದಲ ಶುರುವಾದದ್ದು ಆಗ.

"ಹಂಗಾದ್ರ ಆ ಗದ್ದಲ ತಂದಾಕಿ ನಾನ ಏನ್ರಿ ಮೇಡಂ?"

ಇಂಥ ಮಾತಿಗೆ ತಕ್ಷಣ "ಛೇ, ಹಾಗೇನಿಲ್ಲ" ಎನ್ನುವುದು ಸುಲಭ. ನಾನು ಅನ್ನಲಿಲ್ಲ. ಅವರು ಕಷ್ಟಪಟ್ಟು ಕಂಡುಕೊಂಡದ್ದನ್ನು ನಾನು ಸಮಾಧಾನದ ಹೆಸರಿನಲ್ಲಿ ಕಸಿದುಕೊಳ್ಳಬಾರದು ಅಲ್ವಾ? ನೀರು ಕೊಟ್ಟೆ. ಅವರು ಅತ್ತು ಮುಗಿಸಿದ ಮೇಲೆ ಹೇಳಿದೆ: "ಗದ್ದಲ ನಿಮ್ಮಿಂದ ಹೆಚ್ಚಾತು, ಹೌದು. ಐದು ವರ್ಷ ನಿದ್ದಿಗೆಟ್ಟ ಮನಿಷಾಳಿಂದ ಇನ್ನೇನು ಆಗತಿತ್ತು? ನೀವು ಕಟ್ಟಿದ ಮನಿಯೊಳಗ ಮಾಳಿಗಿ ಹತ್ತಿ ಕುಂದರೂವಂಥ ಒಬ್ಬಾಕಿ ಇದ್ಲು. ಅದೂ ನಿಮ್ಮಿಂದನ." ಇದು ಸುಮ್ನೆ ಹೇಳಿದ ಮಾತಲ್ಲ. ಆ ಅಡುಗೆಯವ್ವನಿಗೆ ಕೆಲಸ ಕೊಟ್ಟವರು, ಆ ಮನೆಯಲ್ಲಿ ಯಾರನ್ನೂ ಬೈಯಬಾರದು ಎಂದು ಹೇಳಿಕೊಟ್ಟವರು ಅಕ್ಕನೇ.

ಬೆಳ್ಳುಳ್ಳಿ ಸುಲಿದರೆ ಸಾವು ತಪ್ಪುತ್ತದೆ ಎಂದು ಯಾರೂ ತಿಳಿಯಬೇಡಿ. ಅಡುಗೆಯವ್ವ ಮಾಡಿದ್ದರಲ್ಲಿ ಮೂರು ಸಂಗತಿ ಸರಿಯಾಗಿದ್ದವು: ಇನ್ನೊಬ್ಬರಿಗೆ ತಿಳಿಸಿದಳು, ಅವನನ್ನು ಒಂಟಿ ಬಿಡಲಿಲ್ಲ, ಸಾವಿನ ವಿಚಾರ ನೇರವಾಗಿ ಕೇಳಿದಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಅದು ತಪ್ಪು. ಕೇಳಿದಾಗ ಹೊತ್ತವರ ಭಾರ ಇಳಿಯುತ್ತದೆ. ಆದರೆ ಹುಡುಗನಿಗೆ ಡಾಕ್ಟರೂ ಬೇಕಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ಕೆಲವು ವಾರ ಇಂಥವರಿಗೆ ಬಹಳ ಅಪಾಯದ ಕಾಲ. ಮರುದಿನ ಡಾಕ್ಟರು ನೋಡಿ ಔಷಧಿ ಬದಲಿಸಿದರು. ಎರಡು ರಾತ್ರಿಯಿಂದ ಅವನು ಮಲಗಿರಲಿಲ್ಲ ಎನ್ನುವುದು ಆಗ ಹೊರಗೆ ಬಂತು. ಅವನ ಕೋಣೆಯವನಿಗೆ ಅದು ಗೊತ್ತಿತ್ತು. ಅವನನ್ನು ಯಾರೂ ಕೇಳಿರಲಿಲ್ಲ.

ನನ್ನ ಸಲಹೆ ಇಲ್ಲಿಂದಲೇ ಹುಟ್ಟಿತು. ಮನೆಯ 12 ಜನರ ಜೊತೆ, ಅವರು ಚೆನ್ನಾಗಿರುವ ದಿನ, ಒಬ್ಬೊಬ್ಬರ ಹತ್ತಿರ ಕೂತು ಒಂದೊಂದು ಹಾಳೆ ಬರೆಯಿರಿ ಎಂದೆ. ನನಗೆ ಕೆಡಲು ಶುರುವಾದರೆ ಮೊದಲು ಏನು ಕಾಣುತ್ತದೆ, ಆಗ ಯಾರು ಹತ್ತಿರ ಇರಬೇಕು, ಏನು ಅನ್ನಬಾರದು, ಯಾವ ಡಾಕ್ಟರು. ಮಾತು ಅವರದೇ ಇರಬೇಕು, ಅಕ್ಕನದಲ್ಲ. ಗುಳಿಗೆ ಕಪಾಟಿಗೆ, ಮಾಳಿಗೆ ಬಾಗಿಲಿಗೆ ಬೀಗ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅಡುಗೆಮನೆ ಗೋಡೆಯ ಮೇಲಿರಲಿ. ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಜೀವಕ್ಕೆ ಅಪಾಯ ಕಣ್ಣೆದುರೇ ಇದ್ದರೆ ಹಿಂದೆಮುಂದೆ ನೋಡದೆ 112. ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡಬೇಡಿ. ಸಾಯಲು ಹೋದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಎಂದು ಅದೇ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಿದೆ: ಗದ್ದಲವಾದ ರಾತ್ರಿ "ನಾಳೆ ಇವನನ್ನು ಮನೆಯಿಂದ ಕಳಿಸಿಬಿಡೋಣ" ಎಂಬ ತೀರ್ಮಾನ ಬೇಡ. ಆ ಮಾತು ಒಬ್ಬರ ಬಾಯಿಂದ ಬಂದರೆ ಸಾಕು, ಉಳಿದ 11 ಜನ ತಮ್ಮ ಸಂಕಟವನ್ನು ಮುಚ್ಚಿಡಲು ಕಲಿಯುತ್ತಾರೆ.

ಕೊನೆಯದು, ವಾರಕ್ಕೆ ಎರಡು ರಾತ್ರಿ ಅಕ್ಕನ ಫೋನ್ ಆಫ್. ಆ ಎರಡು ರಾತ್ರಿ ಮನೆಯ ಫೋನ್ ಸಂಸ್ಥೆಯ ಬೇರೊಬ್ಬರ ಕೈಯಲ್ಲಿ.

ಇದಕ್ಕೆ ಸಂಸ್ಥೆಯ ಹಿರಿಯರೊಬ್ಬರು, ಅಕ್ಕನಿಗೆ ಹೇಳಿಯೇ, ನನಗೆ ಫೋನ್ ಮಾಡಿದರು. "ಆ ರಾತ್ರಿನ ಏನಾರ ಆದ್ರ ನೀವು ಜವಾಬ್ದಾರ್ರೇನು?" ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಐದು ವರ್ಷದಲ್ಲಿ 1,800ಕ್ಕೂ ಜಾಸ್ತಿ ರಾತ್ರಿ ಒಬ್ಬಳನ್ನೇ ಜವಾಬ್ದಾರಳನ್ನಾಗಿ ಮಾಡಿದವರು ಅದನ್ನು ಮೊದಲು ತಮಗೆ ತಾವೇ ಕೇಳಿಕೊಳ್ಳಬೇಕಿತ್ತು. ನಾನು ಆ ಸಲಹೆ ಕೊಟ್ಟದ್ದು ಅಕ್ಕನಿಗೆ ವಿಶ್ರಾಂತಿ ಸಿಗಲಿ ಎಂದಷ್ಟೇ ಅಲ್ಲ. 20 ಕಿಲೋಮೀಟರ್ ಆಚೆ ಇರುವ ಒಬ್ಬರ ಮೇಲೆ 12 ಜೀವ ನಿಂತಿದ್ದರೆ ಅವರಿಗೆ ಒಂದು ದಿನ ಜ್ವರ ಬಂದರೂ ಆ ಮನೆ ಬೀಳುತ್ತದೆ. ಇದನ್ನು ಆ ಹಿರಿಯರಿಗೂ ಹೇಳಿದೆ. ಅವರಿಗೆ ಸಿಟ್ಟು ಬಂತು. ನಾನು ಈ ಮಾತನ್ನು ಈಗಲೂ ಬದಲಿಸುವುದಿಲ್ಲ.

ಎರಡು ತಿಂಗಳ ಮೇಲೆ ಅಕ್ಕ ಬಂದರು. ಒಂಬತ್ತು ಹಾಳೆ ಮುಗಿದಿದ್ದವು. ಹುಡುಗನ ಒಪ್ಪಿಗೆ ಕೇಳಿ ಅವನ ಹಾಳೆಯ ಎರಡು ಸಾಲು ಓದಿ ತೋರಿಸಿದರು: "ಎಲ್ಲಾರೂ ಕೂಡಿ ಸುತ್ತ ನಿಂದರಬ್ಯಾಡ್ರಿ. ಚಿಗವ್ವನ್ನ ಕರೀರಿ, ಅಕ್ಕಾರು ಮುಂಜಾನೆ ಬರಲಿ." ಅದನ್ನು ಓದುವಾಗ ಅವರ ದನಿ ಸ್ವಲ್ಪ ನಡುಗಿತು, ಆದರೆ ಕೊನೆಯವರೆಗೂ ಓದಿದರು. ಫೋನ್ ಆಫ್ ಮಾಡಿದ ಮೊದಲ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದರಂತೆ. ಮೂರನೇ ವಾರ ಮುಂಜಾನೆ ಏಳಕ್ಕೆ ಎದ್ದರಂತೆ. ಸಂಸ್ಥೆಯವರು ಸದ್ಯಕ್ಕೆ ವಾರಕ್ಕೆ ಒಂದೇ ರಾತ್ರಿಗೆ ಒಪ್ಪಿದ್ದಾರೆ. ಎರಡನೇ ರಾತ್ರಿಗೆ ಅಕ್ಕ ತಾವೇ ಅರ್ಜಿ ಬರೆದು ಕೊಟ್ಟಿದ್ದಾರೆ. ಅಡುಗೆಯವ್ವನ ಪಗಾರ ಹೆಚ್ಚಿಸಬೇಕೆಂದೂ ಅದರಲ್ಲೇ ಬರೆದಿದ್ದಾರೆ.